ಗಡಿಯಾರದ ಚಿಪ್‌ಗೆ ಒಂದು ಡ್ರೈವರ್
(ಸಂಘದ ವಿದ್ಯಾರ್ಥಿ ವಿಭಾಗದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ಡಿಪ್ಲೋಮಾ ಮತ್ತು ಇಂಜಿನಿಯರಿಂಗ್ ತರಗತಿಗಳ ಕೊನೆಯ ವರ್ಷದಲ್ಲಿರುವ ನಮ್ಮ ಹುಡುಗ ಹುಡುಗಿಯರು ಈ ಸಾರಿ ಯಾವ ಪ್ರೊಜೆಕ್ಟನ್ನು ಕೈಗೊಳ್ಳಬೇಕು, ಅದನ್ನು ಹೇಗೆ ಯೋಜಿಸಬೇಕು ಎಂಬುದನ್ನು ಕುರಿತು ಮಾತನಾಡಲು ಕಾರ್ಯಕಾರಿ ಸಮಿತಿಯವರು ನಮಗೆ ಅಪ್ಪಣೆ ಮಾಡಿರುವರು. ಸಭೆಯಲ್ಲಿ ವಿದ್ಯಾರ್ಥಿಗಳಿಗಿಂತ ಅವರ ತಂದೆತಾಯಿಗಳೇ ಹೆಚ್ಚಾಗಿ ಕಾಣುತ್ತಿರುವುದರಿಂದ ಮಾತನ್ನು ಇಬ್ಬರಿಗೂ ತಿಳಿಯುವಂತೆ ಆಡಬೇಕಾಗಿದೆ. ಹುಡುಗರು ಬೇಸರಪಡಬಾರದು, ಹಿರಿಯರು ತೂಕಡಿಸಬಾರದು.

ಮೊದಲು ಹಣದ ಮಾತನ್ನೇ ಎತ್ತೋಣ. ಪೇಟೆಯಲ್ಲಿ ಸಿದ್ಧ ಪ್ರೊಜೆಕ್ಟುಗಳು ಮಾರಾಟಕ್ಕಿವೆ ಎಂಬುದು ಇಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ. ತಂತಿ ಜೋಡಿಸಿದ ಪೆಟ್ಟಿಗೆ, ಅದರೊಳಗಿನ ತಂತ್ರಾಂಶ, ಬೈಂಡು ಮಾಡಿದ ವರದಿ, ಪರೀಕ್ಷಕರು ಕೇಳಬಹುದಾದ ಪ್ರಶ್ನೆಗಳಿಗೆ ಬರೆದಿಟ್ಟ ಉತ್ತರ, ಎಲ್ಲವೂ ಒಂದೇ ಗಂಟಿನಲ್ಲಿ ದೊರೆಯುತ್ತವೆ. ಹೋಟೆಲಿನಲ್ಲಿ ಎರಡು ಪಾಳಿ ದುಡಿದ ತಂದೆಯ ಹಣ ಆ ಗಂಟಿಗೆ ಹೋಗುತ್ತದೆ. ಅಂಕಗಳು ಬರುತ್ತವೆ, ಸರ್ಟಿಫಿಕೇಟೂ ಬರುತ್ತದೆ. ಆಮೇಲೆ ಕೆಲಸಕ್ಕೆಂದು ಹೋದಾಗ ‘ನೀನು ಮಾಡಿದ್ದೇನು, ಹೇಗೆ ಮಾಡಿದೆ’ ಎಂದು ಕೇಳಿದರೆ ಹುಡುಗ ಗೋಡೆಯನ್ನು ನೋಡುತ್ತಾನೆ.

ಇದನ್ನು ಮೋಸವೆಂದು ಬೈದು ಸುಮ್ಮನಾಗುವುದು ಸುಲಭ. ಆದರೆ ಹುಡುಗರು ಏಕೆ ಕೊಳ್ಳುತ್ತಾರೆ? ಅವರು ಮೊದಲು ಆರಿಸಿಕೊಳ್ಳುವ ವಿಷಯವೇ ಕೈಗೆ ಎಟುಕದ್ದು. ಇಡೀ ಮನೆಯನ್ನು ಮೊಬೈಲಿನಿಂದ ನಡೆಸುವ ವ್ಯವಸ್ಥೆ, ಊರಿನ ಸಂಚಾರವನ್ನೆಲ್ಲ ಹತೋಟಿಯಲ್ಲಿಡುವ ಯಂತ್ರ, ಹೀಗೆ ಹೆಸರು ದೊಡ್ಡದು, ದಿನಗಳು ಕಡಿಮೆ. ಗಣೇಶ ಚೌತಿ ಕಳೆದು ದೀಪಾವಳಿ ಬರುವ ಹೊತ್ತಿಗೆ ಕೆಲಸ ಆರಂಭವೂ ಆಗಿರುವುದಿಲ್ಲ. ಆಗ ಹೆದರಿಕೆ ಹುಟ್ಟುತ್ತದೆ. ಹೆದರಿಕೆ ಪೇಟೆಗೆ ಕರೆದೊಯ್ಯುತ್ತದೆ. ಇದು ಶೀಲದ ದೋಷಕ್ಕಿಂತ ಹೆಚ್ಚಾಗಿ ಯೋಜನೆಯ ದೋಷ ಎಂದು ನಮ್ಮ ಅಭಿಪ್ರಾಯ. ಆದುದರಿಂದ ನಾವು ಮುಂದಿಡುವ ಸಲಹೆ ಬಹಳ ಸಣ್ಣದು: ಮೂವರು ಸೇರಿ ಒಂದೇ ಒಂದು ಚಿಪ್ ಆರಿಸಿಕೊಳ್ಳಿರಿ. ಅದಕ್ಕೊಂದು ಡ್ರೈವರ್ ಬರೆಯಿರಿ. ಅದನ್ನು ಪೂರ್ತಿಯಾಗಿ ಮಾಡಿರಿ.

ಡ್ರೈವರ್ ಎಂದೊಡನೆ ನಮ್ಮ ಹಿರಿಯರಿಗೆ ಬೆಸ್ಟ್ ಬಸ್ಸಿನ ಚಾಲಕನ ನೆನಪಾಗುವುದು ಸಹಜ. ಇದು ಬೇರೆ. ಉಡುಪಿ ಹೋಟೆಲನ್ನು ನೆನೆಯಿರಿ. ಗಿರಾಕಿ ಮರಾಠಿಯಲ್ಲಿ ಕೇಳುತ್ತಾನೆ, ಗುಜರಾತಿಯಲ್ಲಿ ಕೇಳುತ್ತಾನೆ, ‘ಸ್ವಲ್ಪ ಗರಿಗರಿಯಾಗಿರಲಿ’ ಎನ್ನುತ್ತಾನೆ. ಒಳಗೆ ಒಲೆಯ ಮುಂದಿರುವ ಭಟ್ಟರಿಗೆ ಅದೊಂದೂ ಬೇಡ. ಸಪ್ಲಾಯರ್ ಹುಡುಗ ಬಾಗಿಲಲ್ಲಿ ನಿಂತು ಎರಡೇ ಮಾತಿನಲ್ಲಿ ಕೂಗುತ್ತಾನೆ. ತಟ್ಟೆ ಬರುತ್ತದೆ. ಗಿರಾಕಿಗೆ ಒಲೆ ತಿಳಿಯಬೇಕಾಗಿಲ್ಲ, ಭಟ್ಟರಿಗೆ ಗಿರಾಕಿಯ ಭಾಷೆ ತಿಳಿಯಬೇಕಾಗಿಲ್ಲ. ಯಂತ್ರದೊಳಗೆ ಆ ಸಪ್ಲಾಯರನ ಕೆಲಸ ಮಾಡುವ ಸಣ್ಣ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. ಒಂದು ಕಡೆ ‘ಈಗ ಗಂಟೆ ಎಷ್ಟು?’ ಎಂದು ಕೇಳುವ ಕಾರ್ಯಕ್ರಮ. ಇನ್ನೊಂದು ಕಡೆ ವಿದ್ಯುತ್ತಿನ ಏರಿಳಿತವನ್ನು ಬಿಟ್ಟು ಬೇರೇನನ್ನೂ ಅರಿಯದ ಚಿಪ್. ನಡುವೆ ಓಡಾಡುವವನು ಡ್ರೈವರ್. ಅವನು ತಪ್ಪಾಗಿ ಕೂಗಿದರೆ ಭಟ್ಟರೂ ನಿರಪರಾಧಿ, ಗಿರಾಕಿಯೂ ನಿರಪರಾಧಿ, ಆದರೆ ತಟ್ಟೆಯಲ್ಲಿ ಬಂದದ್ದು ಬೇರೆ.

ಇಂತಹ ಚಿಕ್ಕ ಗಣಕಗಳು ಈಗ ಎಲ್ಲ ಯಂತ್ರಗಳಲ್ಲಿಯೂ ಹುದುಗಿವೆ. ಕಂಡಕ್ಟರನ ಕೈಯ ಟಿಕೆಟು ಯಂತ್ರ, ಲಿಫ್ಟ್, ತರಕಾರಿ ಅಂಗಡಿಯ ತಕ್ಕಡಿ, ಎಲ್ಲವೂ ಇವುಗಳಿಂದಲೇ ನಡೆಯುತ್ತವೆ. ಇವನ್ನು ಎಂಬೆಡೆಡ್ ವ್ಯವಸ್ಥೆಗಳೆಂದು ಹುಡುಗರ ಪುಸ್ತಕಗಳಲ್ಲಿ ಕರೆದಿದೆ. ಇವುಗಳಿಗೆ ಹೊಸ ಚಿಪ್ ಸೇರಿಸಿದಾಗಲೆಲ್ಲ ಹೊಸ ಡ್ರೈವರ್ ಬೇಕು. ಜಗತ್ತಿನ ತುಂಬ ಬಳಕೆಯಲ್ಲಿರುವ ಲಿನಕ್ಸ್ ಎಂಬ ಮುಕ್ತ ತಂತ್ರಾಂಶದ ಒಡಲನ್ನು ತೆರೆದು ನೋಡಿದರೆ ಅರ್ಧಕ್ಕಿಂತ ಹೆಚ್ಚಿನ ಸಾಲುಗಳು ಡ್ರೈವರುಗಳೇ ಆಗಿವೆ. ಕೆಲಸ ಅಷ್ಟೊಂದಿದೆ. ಆ ಕೆಲಸವನ್ನು ಮಾಡಬಲ್ಲವರು ಅಷ್ಟಿಲ್ಲ.

ಡ್ರೈವರ್ ಯಾರ ಕೈಯಲ್ಲಿದೆ ಎಂಬುದು ಬರಿಯ ತಂತ್ರದ ಪ್ರಶ್ನೆಯೂ ಅಲ್ಲ. ೧೯೮೦ರ ಸುಮಾರಿಗೆ ಅಮೆರಿಕೆಯ ಎಂ.ಐ.ಟಿ. ಪ್ರಯೋಗಾಲಯಕ್ಕೆ ಒಂದು ಹೊಸ ಮುದ್ರಣ ಯಂತ್ರ ಬಂತು. ಅದು ಪದೇ ಪದೇ ಕಾಗದ ಸಿಕ್ಕಿಸಿಕೊಳ್ಳುತ್ತಿತ್ತು. ಹಳೆಯ ಯಂತ್ರಕ್ಕೆ ತಾನೇ ತಿದ್ದುಪಡಿ ಮಾಡಿದ್ದ ರಿಚರ್ಡ್ ಸ್ಟಾಲ್‌ಮನ್ ಎಂಬ ತರುಣ ಇದನ್ನೂ ತಿದ್ದಲು ಹೊರಟರೆ, ಅದರ ತಂತ್ರಾಂಶದ ಮೂಲವನ್ನು ಕೊಡಲಾಗದೆಂದು ಉತ್ತರ ಬಂತು. ಮುಕ್ತ ತಂತ್ರಾಂಶದ ಚಳವಳಿ ಹುಟ್ಟಿದ ಕಾರಣಗಳಲ್ಲಿ ಈ ಕಾಗದ ಸಿಕ್ಕಿದ ಸಂಗತಿಯೂ ಒಂದು. ಯಂತ್ರ ನಮ್ಮದು, ಅದರ ಮಾತು ಮಾತ್ರ ಪರರದು ಎಂಬ ಸ್ಥಿತಿ ಕಾರ್ಖಾನೆಯಲ್ಲಿ ದುಡಿಯುವವರಿಗೆ ಅಪರಿಚಿತವಲ್ಲ.

ಇದೆಲ್ಲ ದೊಡ್ಡವರ ಕೆಲಸ, ನಮ್ಮ ಚಾಳಿನ ಹುಡುಗರಿಂದಾಗುವುದೇ ಎಂದು ಕೇಳುವವರಿದ್ದಾರೆ. ಇದೇ ಮುಂಬಯಿಯಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಆರ್. ನರಸಿಂಹನ್ ಅವರ ನೇತೃತ್ವದಲ್ಲಿ ಕೆಲವು ತರುಣರು ೧೯೫೦ರ ದಶಕದಲ್ಲಿ ಕೈಯಾರೆ ಗಣಕ ಕಟ್ಟಿದರು. ೧೯೬೦ರಲ್ಲಿ ಕೆಲಸಕ್ಕೆ ನಿಂತ ಅದಕ್ಕೆ ೧೯೬೨ರಲ್ಲಿ ಟಿಫ್ರ್ಯಾಕ್ ಎಂದು ಹೆಸರಾಯಿತು. ಅಂದು ಪಾಠ ಹೇಳಿಕೊಡುವ ಕಾಲೇಜೂ ಇರಲಿಲ್ಲ, ಕೊಂಡು ತರುವ ಸಿದ್ಧ ಭಾಗಗಳೂ ಇರಲಿಲ್ಲ. ಇಂದು ಪವಾಯಿಯ ಐ.ಐ.ಟಿ.ಯಲ್ಲಿ ಇ-ಯಂತ್ರ ಎಂಬ ಯೋಜನೆ ನಡೆದು, ದೇಶದ ಬೇರೆ ಬೇರೆ ಕಾಲೇಜುಗಳ ವಿದ್ಯಾರ್ಥಿಗಳು ಚಿಕ್ಕ ರೋಬಾಟುಗಳನ್ನು ಮುಂದಿಟ್ಟುಕೊಂಡು ಇದೇ ವಿದ್ಯೆಯನ್ನು ಕಲಿಯುತ್ತಿದ್ದಾರೆ.

ಅದೇ ಪವಾಯಿಯ ಇನ್ನೊಂದು ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ೨೦೦೭ರಲ್ಲಿ ಅಲ್ಲಿನ ಇಬ್ಬರು ವಿದ್ಯಾರ್ಥಿಗಳು ಉಪಗ್ರಹವೊಂದನ್ನು ವಿದ್ಯಾರ್ಥಿಗಳೇ ಕಟ್ಟಬೇಕೆಂದು ಹೊರಟರು. ಸುಮಾರು ಹತ್ತು ಕಿಲೋ ತೂಕದ ಆ ‘ಪ್ರಥಮ್’ ಆಕಾಶಕ್ಕೇರಿದ್ದು ೨೦೧೬ರ ಸೆಪ್ಟೆಂಬರ್ ೨೬ರಂದು. ಎಂದರೆ ಒಂಬತ್ತು ವರ್ಷಗಳ ಮೇಲೆ! ಆರಂಭಿಸಿದವರು ಎಂದೋ ಓದು ಮುಗಿಸಿ ಹೋಗಿದ್ದರು. ಅವರ ಮೇಲೆ ಬಂದವರೂ ಹೋದರು. ಪ್ರತಿ ವರ್ಷ ಹೊಸಬರು ಬಂದು, ಹಳಬರು ಬರೆದಿಟ್ಟದ್ದನ್ನು ಓದಿ, ಪರೀಕ್ಷಿಸಿ, ಮುಂದುವರಿಸಿದರು. ಅದೇ ರಾಕೆಟ್ಟಿನಲ್ಲಿ ಬೆಂಗಳೂರಿನ ಪಿ.ಇ.ಎಸ್. ವಿಶ್ವವಿದ್ಯಾಲಯದವರ ‘ಪಿಸ್ಯಾಟ್’ ಕೂಡಾ ಹೋಯಿತು. ಅದಕ್ಕೂ ಮುಂಚೆ, ೨೦೧೦ರ ಜುಲೈ ೧೨ರಂದು, ಯಲಹಂಕದ ನಿಟ್ಟೆ ಮೀನಾಕ್ಷಿ ಕಾಲೇಜು ಮೊದಲಾದ ಕರ್ನಾಟಕ ಮತ್ತು ಆಂಧ್ರದ ಕಾಲೇಜುಗಳ ಹುಡುಗರು ಕಟ್ಟಿದ, ಒಂದು ಕಿಲೋಗಿಂತ ಹಗುರವಾದ ‘ಸ್ಟುಡ್‌ಸ್ಯಾಟ್’ ಮೇಲೇರಿತ್ತು. ಉಪಗ್ರಹ ಕಟ್ಟಿರೆಂದು ನಾವು ಹೇಳುತ್ತಿಲ್ಲ. ವಿದ್ಯಾರ್ಥಿ ಹೋಗುತ್ತಾನೆ, ಕೆಲಸ ಉಳಿಯುತ್ತದೆ. ಉಳಿಯಬೇಕಾದರೆ ನಿಮ್ಮನ್ನು ಎಂದೂ ಕಾಣದವನು ಓದಿ ತಿಳಿಯುವಂತೆ ಬರೆದಿಟ್ಟಿರಬೇಕು. ಕೊಂಡು ತಂದ ಪೆಟ್ಟಿಗೆಗೆ ಈ ಗುಣ ಬರಲಾರದು.

ಈಗ ನಮ್ಮ ಚಿಪ್‌ಗೆ ಬರೋಣ. ನಾವು ಆರಿಸಿರುವುದು ಗಡಿಯಾರದ ಚಿಪ್. ಕಾರಣವನ್ನು ಹಿರಿಯರು ಊಹಿಸಿರಬಹುದು. ಕಾರ್ಖಾನೆಯಲ್ಲಿ, ಆಸ್ಪತ್ರೆಯಲ್ಲಿ, ದೊಡ್ಡ ಹೋಟೆಲಿನಲ್ಲಿ ಬಾಗಿಲ ಬಳಿ ಹಾಜರಿ ಯಂತ್ರವಿದೆ. ಹಿಂದೆ ಮಸ್ಟರಿನಲ್ಲಿ ಟೈಮ್‌ಕೀಪರ್ ಬರೆಯುತ್ತಿದ್ದ. ತಪ್ಪು ಬರೆದರೆ ಅವನೊಡನೆ ಜಗಳವಾಡಬಹುದಾಗಿತ್ತು. ಇಂದು ಬೆರಳೊತ್ತಿದರೆ ಯಂತ್ರ ಬರೆದುಕೊಳ್ಳುತ್ತದೆ. ಆ ಬರಹದ ಮೇಲೆ ಅರ್ಧ ದಿನದ ಸಂಬಳ ನಿಂತಿದೆ. ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ಆಫೀಸಿನವರು ಹೇಳುತ್ತಾರೆ. ಯಂತ್ರಕ್ಕೆ ಸುಳ್ಳು ತಿಳಿಯದೆಂಬುದು ನಿಜ. ಆದರೆ ಅದರ ಡ್ರೈವರ್ ತಪ್ಪು ಹೇಳಬಲ್ಲದು. ಹೇಗೆಂಬುದನ್ನು ಇಲ್ಲಿಯೇ ತೋರಿಸುತ್ತೇವೆ.

ಪೇಟೆಯಲ್ಲಿ ಸುಲಭವಾಗಿ ದೊರೆಯುವ ಗಡಿಯಾರದ ಚಿಪ್ ಒಂದಿದೆ, ಡಿಎಸ್ ೧೩೦೭ ಎಂದು ಅದರ ಹೆಸರು. ಲ್ಯಾಮಿಂಗ್ಟನ್ ರೋಡಿನಲ್ಲಿ ಅಂಗಡಿ ಅಂಗಡಿಗೂ ಇದೆ. ಅದರ ಪಕ್ಕದಲ್ಲಿ ಸೆಕೆಂಡಿಗೆ ೩೨,೭೬೮ ಸಾರಿ ಮಿಡಿಯುವ ಹರಳೊಂದನ್ನು ಕೂಡಿಸಬೇಕು. ಈ ವಿಚಿತ್ರ ಸಂಖ್ಯೆ ಏಕೆಂದರೆ, ಅದನ್ನು ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಒಂದು ಉಳಿಯುತ್ತದೆ. ಸೆಕೆಂಡಿಗೆ ಒಂದು ಮಿಡಿತ. ಕರೆಂಟು ಹೋದಾಗ ಗಡಿಯಾರ ನಿಲ್ಲದಿರಲು ನಾಣ್ಯದಂತಹ ಮೂರು ವೋಲ್ಟಿನ ಸೆಲ್ ಹಾಕುತ್ತಾರೆ. ಮುಖ್ಯ ಗಣಕದೊಡನೆ ಅದು ಎರಡೇ ತಂತಿಗಳ ಮೂಲಕ ಮಾತನಾಡುತ್ತದೆ. ಐ-ಸ್ಕ್ವೇರ್-ಸಿ ಎಂಬ ಈ ಎರಡು ತಂತಿಯ ಪದ್ಧತಿಯನ್ನು ಫಿಲಿಪ್ಸ್ ಕಂಪೆನಿ ೧೯೮೨ರಲ್ಲಿ ತಂದಿತು. ಆ ಎರಡು ತಂತಿಗಳ ಮೇಲೆ ಹಲವು ಚಿಪ್‌ಗಳು ಒಂದೇ ಚಾಳಿನ ಬಿಡಾರಗಳಂತೆ ಸಾಲಾಗಿ ಕೂತಿರಬಹುದು. ಪ್ರತಿಯೊಂದಕ್ಕೂ ಒಂದು ಮನೆ ನಂಬರು. ನಮ್ಮ ಗಡಿಯಾರದ ನಂಬರು ಹದಿನಾರರ ಎಣಿಕೆಯಲ್ಲಿ ೬೮, ನಮ್ಮ ಹತ್ತರ ಎಣಿಕೆಯಲ್ಲಿ ೧೦೪.

ಇನ್ನು ತಪ್ಪು ಹೇಗೆ ಹುಟ್ಟುತ್ತದೆ ಎಂಬುದು. ಈ ಚಿಪ್ ತನ್ನ ನಿಮಿಷಗಳನ್ನು ವಿಚಿತ್ರವಾಗಿ ಬರೆದಿಡುತ್ತದೆ. ಮೂವತ್ತೇಳು ಎಂದರೆ ಮೂರನ್ನು ಒಂದು ಅರೆಯಲ್ಲಿ, ಏಳನ್ನು ಪಕ್ಕದ ಅರೆಯಲ್ಲಿ ಬೇರೆ ಬೇರೆಯಾಗಿ ಇಡುತ್ತದೆ. ಇದನ್ನರಿಯದೆ ಡ್ರೈವರ್ ಬರೆದವನು ಎರಡನ್ನೂ ಕೂಡಿಸಿ ಒಂದೇ ಸಂಖ್ಯೆಯೆಂದು ಓದಿದರೆ ಮೂರು ಹದಿನಾರಲೆ ನಾಲ್ವತ್ತೆಂಟು, ಅದಕ್ಕೆ ಏಳು ಸೇರಿ ಐವತ್ತೈದು ಆಗುತ್ತದೆ. ಬೆಳಿಗ್ಗೆ ೮-೩೭ಕ್ಕೆ ಬಂದವನು ೮-೫೫ಕ್ಕೆ ಬಂದನೆಂದು ದಾಖಲಾಯಿತು. ಹದಿನೆಂಟು ನಿಮಿಷ ಹೋಯಿತು. ಅವನು ಮನೆಯಿಂದ ಹೊರಟ ಲೋಕಲ್ ಗಾಡಿಯ ಹೆಸರು ಹೇಳಿ ಎಷ್ಟು ಆಣೆಯಿಟ್ಟರೂ ನಂಬುವವರಿಲ್ಲ.

ಇದರಲ್ಲಿ ಇನ್ನೂ ಒಂದು ಚಮತ್ಕಾರವಿದೆ. ಒಂದರಿಂದ ಒಂಬತ್ತರವರೆಗಿನ ಸಂಖ್ಯೆಗಳು ಎರಡು ರೀತಿಯಿಂದ ಓದಿದರೂ ಒಂದೇ. ಹುಡುಗ ಬೆಳಿಗ್ಗೆ ೯-೦೫ಕ್ಕೆ ಪರೀಕ್ಷಿಸಿ ನೋಡಿದರೆ ಯಂತ್ರ ೯-೦೫ ಎಂದೇ ತೋರಿಸುವುದು. ‘ಸರಿಯಾಗಿದೆ’ ಎಂದು ಪೆಟ್ಟಿಗೆ ಮುಚ್ಚುತ್ತಾನೆ. ತಪ್ಪು ಹೊರಬೀಳುವುದು ಹತ್ತು ನಿಮಿಷವಾದ ಮೇಲೆ. ಆದುದರಿಂದ ಪರೀಕ್ಷೆ ಎಂದರೆ ಒಮ್ಮೆ ನೋಡುವುದಲ್ಲ. ಯಾವ ಹೊತ್ತಿನಲ್ಲಿ ತಪ್ಪಾಗಬಹುದೋ ಆ ಹೊತ್ತನ್ನು ಹುಡುಕಿ ನೋಡುವುದು. ಡಿಸೆಂಬರ್ ೩೧ರ ರಾತ್ರಿ ೧೧ ಗಂಟೆ ೫೯ ನಿಮಿಷ ೫೮ ಸೆಕೆಂಡಿಗೆ ಗಡಿಯಾರವನ್ನು ತಿರುಗಿಸಿಟ್ಟು ಎರಡು ಸೆಕೆಂಡು ಕಾಯಬೇಕು. ೨೦೨೭ರ ಫೆಬ್ರವರಿ ೨೮ಕ್ಕೆ ಇಟ್ಟರೆ ಮರುದಿನ ಮಾರ್ಚಿ ಬರಬೇಕು. ೨೦೨೮ಕ್ಕೆ ಇಟ್ಟರೆ ೨೯ ಬರಬೇಕು.

ಇನ್ನೊಂದು ಇದಕ್ಕಿಂತ ಸೂಕ್ಷ್ಮವಾದದ್ದು. ಡ್ರೈವರ್ ಮೊದಲು ಗಂಟೆಯನ್ನು ಓದಿ, ಅನಂತರ ಬೇರೆಯಾಗಿ ನಿಮಿಷವನ್ನು ಓದುತ್ತದೆ ಎನ್ನಿ. ಗಂಟೆ ಓದಿದಾಗ ೮-೫೯ ಮುಗಿಯುತ್ತಿತ್ತು, ಕೈಗೆ ೮ ಬಂತು. ನಿಮಿಷ ಓದುವಷ್ಟರಲ್ಲಿ ಒಂಬತ್ತು ಬಡಿಯಿತು, ಕೈಗೆ ಸೊನ್ನೆ ಬಂತು. ಎರಡೂ ಸೇರಿ ೮-೦೦! ಒಂದು ಗಂಟೆಯೇ ಮಾಯ. ಇದು ದಿನಕ್ಕೊಮ್ಮೆಯೂ ಆಗಲಾರದು, ತಿಂಗಳಿಗೊಮ್ಮೆ ಆಗಬಹುದು. ಆದಾಗ ಯಾರಿಗೂ ಕಾರಣ ತಿಳಿಯದು. ಚಿಪ್ ಮಾಡಿದವರು ಇದಕ್ಕೆ ಉಪಾಯವನ್ನು ಇಟ್ಟಿದ್ದಾರೆ. ಎಲ್ಲವನ್ನೂ ಒಂದೇ ಬಾರಿಗೆ ಕೇಳಿದರೆ ಆ ಕ್ಷಣದ ನಕಲನ್ನು ತೆಗೆದು ಹಿಡಿದುಕೊಂಡು ಕೊಡುತ್ತದೆ. ಈ ಮಾತು ಅವರ ವಿವರಪತ್ರಿಕೆಯಲ್ಲಿ, ಎಂದರೆ ಡೇಟಾಶೀಟಿನಲ್ಲಿ, ಒಂದೆರಡು ವಾಕ್ಯಗಳಲ್ಲಿದೆ. ಚಿತ್ರ ನೋಡಿ ಪುಟ ತಿರುವುವವರ ಕಣ್ಣಿಗೆ ಅದು ಬೀಳುವುದಿಲ್ಲ. ಹೊಸ ಚಿಪ್‌ಗೆ ಮೊದಲ ಸಲ ಕರೆಂಟು ಕೊಟ್ಟಾಗ ಗಡಿಯಾರ ನಿಂತೇ ಇರುತ್ತದೆ, ನಿಲ್ಲಿಸುವ ಗುರುತೊಂದನ್ನು ಅಳಿಸಿದ ಮೇಲೆಯೇ ಓಡುತ್ತದೆ ಎಂಬುದೂ ಅಲ್ಲಿಯೇ ಬರೆದಿದೆ. ಓದದವರು ಚಿಪ್ ಕೆಟ್ಟಿದೆ ಎಂದು ಲ್ಯಾಮಿಂಗ್ಟನ್ ರೋಡಿಗೆ ಮರಳಿ ಹೋಗುತ್ತಾರೆ. ರೈಲು ಖರ್ಚು ಬೇರೆ.

ಆದುದರಿಂದ ನಮ್ಮ ಯೋಜನೆಯ ಮೊದಲ ಎರಡು ವಾರ ಯಾರೂ ತಂತಿ ಮುಟ್ಟತಕ್ಕದ್ದಲ್ಲ. ಡೇಟಾಶೀಟನ್ನು ಮೂವರೂ ಕೂತು ಓದಬೇಕು. ಓದಿದ್ದನ್ನು ಕನ್ನಡದಲ್ಲಿ ಎರಡು ಪುಟ ಬರೆಯಬೇಕು. ಕನ್ನಡದಲ್ಲಿ ಏಕೆಂದರೆ, ಇಂಗ್ಲಿಷಿನಲ್ಲಿ ಬರೆಯಹೊರಟರೆ ವಾಕ್ಯಗಳನ್ನು ಹಾಗೆಯೇ ಎತ್ತಿ ಬರೆದು ಮುಗಿಸುತ್ತಾರೆ. ಸ್ವಂತ ನುಡಿಯಲ್ಲಿ ಬರೆಯಬೇಕಾದಾಗ ತಿಳಿಯದ್ದು ತಾನಾಗಿ ಹೊರಬರುತ್ತದೆ. ಜೊತೆಗೆ ಇನ್ನೊಂದು ಕಾಗದ ಬೇಕು: ಏನೇನನ್ನು ಮಾಡುವುದಿಲ್ಲ ಎಂಬುದರ ಪಟ್ಟಿ. ಬೆರಳಚ್ಚು ಓದುವುದಿಲ್ಲ, ಮೊಬೈಲಿಗೆ ಸಂದೇಶ ಕಳಿಸುವುದಿಲ್ಲ, ಸಂಬಳ ಲೆಕ್ಕ ಮಾಡುವುದಿಲ್ಲ. ಗಡಿಯಾರ ಹೊಂದಿಸುವುದು, ಓದುವುದು, ತಪ್ಪಿದ್ದರೆ ತಪ್ಪೆಂದು ಹೇಳುವುದು, ಇಷ್ಟೇ. ಗೈಡ್ ಪ್ರೊಫೆಸರರು ‘ಇಷ್ಟೇನಾ?’ ಎಂದು ಕೇಳಿದರೆ ಈ ಕಾಗದವನ್ನು ಅವರ ಮುಂದಿಡಬೇಕು.

ಹೊತ್ತಿನ ವಿಷಯ ಮಾತನಾಡುವಾಗ ನಮ್ಮ ನಗರದ ಹಳೆಯದೊಂದು ಜಗಳವನ್ನು ನೆನೆಯಬೇಕು. ಮುಂಬಯಿಗೆ ತನ್ನದೇ ಆದ ಗಡಿಯಾರವಿತ್ತು, ‘ಬಾಂಬೆ ಟೈಮ್’ ಎಂದು. ೧೯೦೬ರ ಜನವರಿಯಿಂದ ಇಡೀ ದೇಶಕ್ಕೆ ಒಂದೇ ಹೊತ್ತು ಎಂದು ಸರಕಾರ ಸಾರಿದಾಗ ಅದು ಬಾಂಬೆ ಟೈಮಿಗಿಂತ ಸುಮಾರು ೩೯ ನಿಮಿಷ ಮುಂದಿತ್ತು. ಗಿರಣಿಯ ಗಡಿಯಾರ ಮುಂದೆ ಹೋಯಿತು, ಸೂರ್ಯ ಹೋಗಲಿಲ್ಲ. ಕೆಲಸಗಾರರು ರೊಚ್ಚಿಗೆದ್ದು ಕೆಲಸ ಬಿಟ್ಟು ಹೊರಬಂದರು, ಕಲ್ಲೂ ತೂರಿದರು. ನಗರದಲ್ಲಿ ಹಳೆಯ ಹೊತ್ತು ಸ್ವಾತಂತ್ರ್ಯ ಬಂದ ಮೇಲೂ ಕೆಲವು ವರ್ಷ ಉಳಿದೇ ಇತ್ತು. ಗಂಟೆ ಎಷ್ಟು ಎಂಬುದು ದುಡಿಯುವವನಿಗೆ ಎಂದೂ ಬರಿಯ ಅಂಕೆಯಾಗಿರಲಿಲ್ಲ.

ಡ್ರೈವರ್ ಬರೆಯುವವರಿಗೆ ಇದರಲ್ಲಿ ನೇರವಾದ ಪ್ರಯೋಜನವಿದೆ. ಚಿಪ್ ಯಾವ ಊರಿನ ಹೊತ್ತನ್ನು ಇಟ್ಟುಕೊಳ್ಳಬೇಕು? ನಮ್ಮ ಸಲಹೆ ಎಂದರೆ, ಚಿಪ್‌ನಲ್ಲಿ ಜಗತ್ತಿನ ಸಾಮಾನ್ಯ ಹೊತ್ತನ್ನೇ ಇಡಬೇಕು. ಅದಕ್ಕೆ ಐದೂವರೆ ಗಂಟೆ ಕೂಡಿಸಿ ಭಾರತದ ಹೊತ್ತನ್ನು ತೋರಿಸುವುದು ಮೇಲಿನ ಕಾರ್ಯಕ್ರಮದ ಕೆಲಸ. ಆಳುವವರು ನಾಳೆ ಹೊತ್ತನ್ನು ಬದಲಿಸಿದರೆ ಡ್ರೈವರನ್ನು ಬಿಚ್ಚಬೇಕಾಗಬಾರದು. ಸಪ್ಲಾಯರ್ ತಟ್ಟೆ ತರಬೇಕೇ ಹೊರತು ಬಿಲ್ಲಿನ ದರ ನಿಶ್ಚಯಿಸಬಾರದು.

ಮೂರನೆಯ ವಾರದಿಂದ ಕೈ ಕೆಲಸ. ಮೊದಲ ಪ್ರಶ್ನೆ ‘೧೦೪ನೆಯ ಮನೆಯಲ್ಲಿ ಯಾರಾದರೂ ಇದ್ದಾರೆಯೇ?’ ಎಂಬುದು ಮಾತ್ರ. ‘ಇದ್ದೇನೆ’ ಎಂದು ಚಿಪ್ ಒಂದು ಮಿಡಿತದಲ್ಲಿ ಉತ್ತರಿಸಿದರೆ ಆ ವಾರದ ಕೆಲಸ ಮುಗಿಯಿತು, ವಡಾಪಾವ್ ತಿಂದು ಮನೆಗೆ ಹೋಗಬಹುದು. ಅನಂತರ ಸೆಕೆಂಡುಗಳನ್ನು ಓದುವುದು, ಅನಂತರ ಇಡೀ ಹೊತ್ತನ್ನು, ಆಮೇಲೆ ಬರೆಯುವುದು. ಏಳನೆಯ ವಾರಕ್ಕೆ ಇಷ್ಟಾದರೆ ಸಾಕು. ಉಳಿದ ಐದು ವಾರ ಪರೀಕ್ಷೆಗೆ ಮತ್ತು ಬರಹಕ್ಕೆ. ಹೆಚ್ಚುಕಡಿಮೆ ಅರ್ಧ ಕಾಲವನ್ನು ಪರೀಕ್ಷೆಗೆ ಕೊಡುವುದು ಅತಿಯಾಯಿತೆಂದು ಹುಡುಗರಿಗೆ ಅನಿಸಬಹುದು. ೮-೩೭ಕ್ಕೆ ಬಂದ ಮನುಷ್ಯನಿಗೆ ಅನಿಸಲಾರದು.

ಪರೀಕ್ಷೆಯಲ್ಲಿ ಚೇಷ್ಟೆಯೂ ಸೇರಬೇಕು. ಓಡುತ್ತಿರುವಾಗ ಒಂದು ತಂತಿಯನ್ನು ಕಿತ್ತು ನೋಡಿರಿ. ಆಗ ಡ್ರೈವರ್ ಹಳೆಯ ಹೊತ್ತನ್ನೇ ಮತ್ತೆ ಮತ್ತೆ ಹೇಳಕೂಡದು, ಯಂತ್ರ ಸ್ತಬ್ಧವಾಗಲೂಕೂಡದು. ‘ಗಡಿಯಾರ ಸಿಗುತ್ತಿಲ್ಲ’ ಎಂದು ತಿಳಿಸಬೇಕು. ಕರೆಂಟು ತೆಗೆದು ಒಂದು ರಾತ್ರಿ ಸೆಲ್ಲಿನ ಮೇಲೆ ಬಿಡಿರಿ. ಒಂದು ಚಿಪ್ಪನ್ನು ಮನೆಯಲ್ಲೂ ಇನ್ನೊಂದನ್ನು ಹೋಟೆಲಿನ ಒಲೆಯ ಸಮೀಪದಲ್ಲೂ ತಿಂಗಳಿಟ್ಟು ಹೋಲಿಸಿರಿ. ಹರಳು ಹತ್ತು ಲಕ್ಷಕ್ಕೆ ಇಪ್ಪತ್ತು ಪಾಲು ತಪ್ಪಿದರೆ ತಿಂಗಳಿಗೆ ಸುಮಾರು ೫೨ ಸೆಕೆಂಡು ವ್ಯತ್ಯಾಸವಾಗುತ್ತದೆ. ಕಾವು ಹೆಚ್ಚಾದಲ್ಲಿ ಅದು ಇನ್ನಷ್ಟು ನಿಧಾನವಾಗುವುದು. ಇದು ಡ್ರೈವರಿನ ತಪ್ಪಲ್ಲ, ಆದರೆ ವರದಿಯಲ್ಲಿ ಬರೆಯಬೇಕಾದ ಸತ್ಯ.

ಇನ್ನೊಂದು ಎಚ್ಚರಿಕೆ. ಅಲುಗಾಟ ಅಳೆಯುವ ಎಂಪಿಯು ೬೦೫೦ ಎಂಬ ಚಿಪ್ ವಿದ್ಯಾರ್ಥಿಗಳಿಗೆ ಪ್ರಿಯವಾದದ್ದು. ಅದರ ಮನೆ ನಂಬರೂ ೧೦೪! ಎರಡನ್ನೂ ಒಂದೇ ತಂತಿಗೆ ಹಾಕಿದರೆ, ಅಂಚೆಯವನು ಕೂಗಿದಾಗ ಇಬ್ಬರೂ ಓಗೊಟ್ಟಂತೆ. ಪುಣ್ಯಕ್ಕೆ ಅದರ ಒಂದು ಕಾಲನ್ನು ಮೇಲಿನ ವೋಲ್ಟೇಜಿಗೆ ಕಟ್ಟಿದರೆ ನಂಬರು ೧೦೫ ಆಗುತ್ತದೆ. ಈ ಹೊಂದಾಣಿಕೆಯನ್ನು ತಂತಿ ಜೋಡಿಸುವ ಮೊದಲೇ ಕಾಗದದ ಮೇಲೆ ಮಾಡಿಕೊಳ್ಳಬೇಕು.

ಕೆಲಸದ ಹಂಚಿಕೆಯ ಬಗ್ಗೆ ಒಂದು ಮಾತು. ಮೂವರಲ್ಲಿ ಒಬ್ಬ ತಂತಿ, ಒಬ್ಬ ತಂತ್ರಾಂಶ, ಒಬ್ಬರು ವರದಿ ಎಂದು ಹಂಚಿಕೊಳ್ಳುವುದು ರೂಢಿ. ವರದಿ ಬರೆಯುವ ಕೆಲಸ ಗುಂಪಿನಲ್ಲಿರುವ ಹುಡುಗಿಯ ಪಾಲಿಗೆ ಬರುವುದೂ ರೂಢಿ. ಅವಳ ಅಕ್ಷರ ಚೆನ್ನಾಗಿದೆಯಂತೆ! ಟೈಪು ಮಾಡುವ ಕಾಲದಲ್ಲಿ ಅಕ್ಷರದ ಮಾತೇಕೋ ತಿಳಿಯದು. ನಾಲ್ಕು ವಾರಕ್ಕೊಮ್ಮೆ ಕೆಲಸ ಬದಲಾಗಬೇಕು, ಮೂವರೂ ಮೂರನ್ನೂ ಮಾಡಿರಬೇಕು. ಹನ್ನೆರಡು ವಾರಗಳ ಲೆಕ್ಕದಲ್ಲಿ ಗಣೇಶೋತ್ಸವವನ್ನೂ, ಕಾಲೇಜಿನ ಪರೀಕ್ಷೆಯನ್ನೂ, ಮಳೆಗೆ ಗಾಡಿ ನಿಲ್ಲುವ ದಿನಗಳನ್ನೂ ಮೊದಲೇ ಕಳೆದಿಡಬೇಕು. ಸಂಜೆ ಅಂಗಡಿಯಲ್ಲಿ ದುಡಿಯುವ ಹುಡುಗನಿಗೆ ವಾರಕ್ಕೆ ಎಂಟೇ ತಾಸು ಸಿಕ್ಕುವುದಾದರೆ ಎಂಟೆಂದೇ ಬರೆಯಬೇಕು. ಇಪ್ಪತ್ತೆಂದು ಬರೆದ ಯೋಜನೆ ನೋಡಲು ಮಾತ್ರ ಚೆಂದ.

ಈ ಗಡಿಯಾರಕ್ಕೆ ಲಿನಕ್ಸಿನಲ್ಲಿ ಡ್ರೈವರ್ ಎಂದೋ ಇದೆಯಲ್ಲ ಎಂದು ಹಿಂದಿನ ಸಾಲಿನ ವಿದ್ಯಾರ್ಥಿಯೊಬ್ಬರು ಚೀಟಿ ಕಳಿಸಿದ್ದಾರೆ. ಸರಿಯಾದ ಮಾತು. ಆದುದರಿಂದಲೇ ಕಲಿಯಲು ಇದನ್ನು ಆರಿಸಿದೆವು. ಮೊದಲು ತಾವೇ ಬರೆಯಬೇಕು, ಮುಗಿದ ಮೇಲೆ ಅನುಭವಿಗಳು ಬರೆದದ್ದನ್ನು ತೆರೆದು ಪಕ್ಕದಲ್ಲಿಟ್ಟು ಓದಬೇಕು. ಮೊದಲೇ ತೆರೆದರೆ ಅದೂ ಒಂದು ಸಿದ್ಧ ಪ್ರೊಜೆಕ್ಟೇ. ಆ ಮೇಲೆ, ಬೇಸಗೆಯಲ್ಲಿ, ಯಾವುದಾದರೊಂದು ಮುಕ್ತ ವ್ಯವಸ್ಥೆಯಲ್ಲಿ ಇನ್ನೂ ಡ್ರೈವರ್ ಇಲ್ಲದ ಚಿಪ್ಪನ್ನು ಹುಡುಕಿ ಅದಕ್ಕೆ ಬರೆದುಕೊಡಬಹುದು. ಗೂಗಲ್ ಕಂಪೆನಿಯವರು ೨೦೦೫ರಿಂದ ಬೇಸಗೆಯಲ್ಲಿ ಇಂತಹ ಕೆಲಸಕ್ಕೆ ಸಂಭಾವನೆ ಕೊಡುವ ಏರ್ಪಾಡು ನಡೆಸುತ್ತಿದ್ದಾರೆ. ಉಪಗ್ರಹಗಳಲ್ಲಿಯೂ ಬಳಕೆಯಾಗುವ ಆರ್‌ಟಿಇಎಂಎಸ್ ಎಂಬ ವ್ಯವಸ್ಥೆಗೆ ಬೀಗಲ್‌ಬೋನ್ ಎಂಬ ಚಿಕ್ಕ ಗಣಕದ ಡ್ರೈವರುಗಳು ೨೦೧೫ ಮತ್ತು ೨೦೧೬ರ ಬೇಸಗೆಗಳಲ್ಲಿ ವಿದ್ಯಾರ್ಥಿಗಳ ಕೈಯಿಂದಲೇ ಸೇರಿದವು. ಅಲ್ಲಿಗೆ ಅರ್ಜಿ ಹಾಕುವಾಗ ಕೇಳುವುದು ಇದನ್ನೇ: ಯಾವ ವಾರ ಏನು ಮಾಡುವಿರಿ, ಸರಿಯಾಗಿದೆಯೆಂದು ಹೇಗೆ ತೋರಿಸುವಿರಿ. ಕಳಿಸಿದ್ದನ್ನು ದೂರದೇಶದ ಹಿರಿಯರು ಸಾಲು ಸಾಲಾಗಿ ಟೀಕಿಸಿ ಹಿಂದಿರುಗಿಸುತ್ತಾರೆ. ಐದು ಸಲ ತಿದ್ದಿಸಿದರೆ ಅವಮಾನವೆಂದು ತಿಳಿಯಬಾರದು. ಫೋರ್ಟಿನ ರಾತ್ರಿ ಶಾಲೆಗಳಲ್ಲಿ ಲೋಟ ತೊಳೆದ ಕೈಯಲ್ಲೇ ಸ್ಲೇಟು ಹಿಡಿದು ತಿದ್ದಿಸಿಕೊಂಡವರ ಮಕ್ಕಳು, ಮೊಮ್ಮಕ್ಕಳು ನೀವು.

೧೯೮೨ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರದ ಅನಂತರ ಒಂದೊಂದಾಗಿ ಗಿರಣಿಗಳು ಮುಚ್ಚಿದಾಗ, ಮಗ್ಗ ಬಲ್ಲ ಕೈಗಳು ಕಾವಲುಗಾರಿಕೆಗೆ ಹೋದುದನ್ನು ಇಲ್ಲಿರುವ ಹಿರಿಯರು ಬಲ್ಲರು. ಮಗ್ಗ ನಡೆಸುವ ವಿದ್ಯೆ ಅವರಿಗೆ ತಿಳಿದಿತ್ತು. ಮಗ್ಗ ಯಾರದು ಎಂಬುದು ಬೇರೆಯವರ ಕೈಯಲ್ಲಿತ್ತು. ಡ್ರೈವರ್ ಬರೆಯುವ ವಿದ್ಯೆ ಎಲ್ಲರಿಗೂ ಕೆಲಸ ಕೊಡಿಸುತ್ತದೆ ಎಂದು ನಾವು ಆಶ್ವಾಸನೆ ಕೊಡಲಾರೆವು. ಆದರೆ ಬಾಗಿಲಲ್ಲಿರುವ ಹಾಜರಿ ಯಂತ್ರ ಏನು ಬರೆಯುತ್ತದೆ, ಏಕೆ ಬರೆಯುತ್ತದೆ ಎಂಬುದನ್ನು ಬಲ್ಲವರು ನಾಲ್ವರಾದರೂ ನಮ್ಮೊಳಗಿದ್ದರೆ, ಸಂಬಳ ಕಡಿತದ ಚರ್ಚೆಗೆ ಯೂನಿಯನ್ ಹೋಗುವಾಗ ಕೇಳಬೇಕಾದ ಪ್ರಶ್ನೆ ತಿಳಿದಿರುತ್ತದೆ: ‘ನಿಮ್ಮ ಗಡಿಯಾರವನ್ನು ೧೦ನೆಯ ನಿಮಿಷದ ಮೇಲೆ ಪರೀಕ್ಷಿಸಿದ್ದೀರಾ?’

ಮುಂದಿನ ರವಿವಾರ ಸಂಜೆ ಐದಕ್ಕೆ ವಾಚನಾಲಯದ ಕೋಣೆಯಲ್ಲಿ ಮೊದಲ ಕೂಟ. ಎರಡು ಗುಂಪುಗಳು ಈಗಾಗಲೇ ಹೆಸರು ಕೊಟ್ಟಿವೆ. ಮೂರನೆಯದಕ್ಕೆ ಒಬ್ಬರು ಕಡಿಮೆಯಿದ್ದಾರೆ. ಡೇಟಾಶೀಟಿನ ಪ್ರತಿಗಳನ್ನು ಸಂಘವೇ ಮುದ್ರಿಸಿ ಕೊಡುವುದು. ವಿದ್ಯಾರ್ಥಿಗಳು ಪೆನ್ಸಿಲು ತರಲಿ, ಚಿಪ್ ತರುವುದು ಬೇಡ. ಹಾಜರಿ ಯಂತ್ರವಿರುವ ಕಡೆ ದುಡಿಯುವ ಸದಸ್ಯರು ಈ ವಾರ ತಾವು ಬೆರಳೊತ್ತಿದ ಹೊತ್ತನ್ನು ದಿ ನಾಲ್ಕಾರು ದಿನ ಕೈಗಡಿಯಾರ ನೋಡಿ ಬರೆದುಕೊಂಡು ಬಂದರೆ ಹುಡುಗರಿಗೆ ಉಪಕಾರವಾಗುವುದು. ನಿಮಿಷವನ್ನೂ ಬರೆಯಿರಿ.